ಗೋದಾಮಿನಲ್ಲಿ ಸಿಕ್ಕ ನಿಘಂಟು

ಕೇಳುಗರಿಗೆ ನಮಸ್ಕಾರ.

ಆಗಸ್ಟ್ 15 ಅಂದರೆ ನಮಗೆ ಕೆಂಪುಕೋಟೆ, ಬಾವುಟ, ಶಾಲೆಯಲ್ಲಿ ಕೈಗಿಡುತ್ತಿದ್ದ ಪೆಪ್ಪರಮಿಂಟು. ಕೊರಿಯಾದವರಿಗೂ ಜಪಾನಿನ ಆಳ್ವಿಕೆಯಿಂದ ಬಿಡುಗಡೆ ಸಿಕ್ಕಿದ್ದು ಅದೇ ತಾರೀಖು. ನಮಗಿಂತ ಎರಡು ವರ್ಷ ಮೊದಲು, 1945ರಲ್ಲಿ.

ಎರಡನೇ ಮಹಾಯುದ್ಧದಲ್ಲಿ ಜಪಾನ್ ಸೋತ ಸುದ್ದಿ ಬಂದದ್ದು ರೇಡಿಯೊದಲ್ಲೇ. ಮಧ್ಯಾಹ್ನ 12 ಗಂಟೆಗೆ ಜಪಾನಿನ ಚಕ್ರವರ್ತಿ ಹಿರೋಹಿಟೊ ಅವರ ದನಿ ಕೇಳಿಬಂತು. ಹಿಂದಿನ ರಾತ್ರಿ ಗ್ರಾಮಫೋನ್ ಪ್ಲೇಟಿಗೆ ಇಳಿಸಿಟ್ಟಿದ್ದ ದನಿ. ಗರಗರ ಸದ್ದು ಜಾಸ್ತಿ, ಭಾಷೆಯೋ ಅರಮನೆಯ ಹಳೇ ಜಪಾನಿ. ‘ಸೋತೆವು’ ಅನ್ನೋ ಮಾತೇ ಅದರಲ್ಲಿರಲಿಲ್ಲ. ಜಪಾನಿನವರೇ ತಬ್ಬಿಬ್ಬಾದರು ಅಂದಮೇಲೆ ಕೊರಿಯಾದ ಸೋಲ್ ನಗರದಲ್ಲಿ ಕಿವಿಗೊಟ್ಟವರ ಪಾಡು ಹೇಗಿರಬೇಡ! ಮಾರನೇ ದಿನ ಸೆರೆಮನೆಯಿಂದ ರಾಜಕೀಯ ಕೈದಿಗಳು ಹೊರಬಂದರು ನೋಡಿ, ಆಗ ಬೀದಿ ತುಂಬಿತು. ಬಾವುಟ ಎಲ್ಲಿಂದ ತರೋದು? ಜಪಾನಿನ ಬಾವುಟವನ್ನೇ ಹರಡಿಕೊಂಡು ಕೂತರು. ಕೆಂಪು ಸೂರ್ಯನ ಅರ್ಧಕ್ಕೆ ಬೇರೆ ಬಣ್ಣ ಬಳಿದು, ನಾಲ್ಕು ಮೂಲೆಗೆ ಗೆರೆ ಎಳೆದರೆ ಕೊರಿಯಾದ ಬಾವುಟ ತಯಾರು.

1910ರಿಂದ 35 ವರ್ಷದ ಆಳ್ವಿಕೆ ಅದು. ಕೊನೆಕೊನೆಗೆ ಶಾಲೆಯಲ್ಲಿ ಕೊರಿಯನ್ ಪಾಠ ನಿಂತಿತ್ತು. 1940ರಿಂದ ಮನೆತನದ ಹೆಸರನ್ನೂ ಜಪಾನಿಗೆ ಬದಲಿಸಿಕೊಳ್ಳಬೇಕೆಂಬ ಒತ್ತಾಯ. ಇಂಥ ಕಾಲದಲ್ಲಿ ಕೆಲವರು ಕೊರಿಯನ್ ನಿಘಂಟು ಮಾಡುತ್ತಾ ಕೂತಿದ್ದರು! 1929ರಲ್ಲಿ ಹಿಡಿದ ಕೆಲಸ. 1942ರ ಅಕ್ಟೋಬರ್‌ನಲ್ಲಿ ಪೊಲೀಸರು ಅವರನ್ನು ಹಿಡಿದರು, ಬರೆದಿಟ್ಟದ್ದನ್ನೂ ಹೊತ್ತೊಯ್ದರು. ಯಿ ಯುನ್‌ಜೆ, ಹಾನ್ ಜಿಂಗ್ ಇಬ್ಬರೂ ಸೆರೆಮನೆಯಲ್ಲೇ ತೀರಿಕೊಂಡರು. ಮುಂದಾಳು ಯಿ ಗುಕ್‌ರೊ ಅವರಿಗೆ ಆರು ವರ್ಷ ಶಿಕ್ಷೆ. ಬಿಡುಗಡೆ ಬಂತು, ಅವರೂ ಹೊರಬಂದರು. ಆದರೆ ಬರೆದ ಹಾಳೆಗಳೆಲ್ಲಿ?

1945 ಸೆಪ್ಟೆಂಬರ್ 8. ಅಮೆರಿಕದ ಸೈನ್ಯ ಇಂಚಾನ್ ಬಂದರಿಗೆ ಬಂದಿಳಿದ ದಿನ. ಉತ್ತರದಲ್ಲಿ ಆಗಲೇ ಸೋವಿಯತ್ ಸೈನ್ಯವಿತ್ತು. ಎರಡು ಸೈನ್ಯಗಳ ನಡುವೆ ದೇಶ ಹಂಚಲು 38ನೇ ಅಕ್ಷಾಂಶದ ಗೆರೆ ಎಳೆದಾಗ ಕೊರಿಯಾದವರನ್ನು ಯಾರೂ ಕೇಳಿರಲೇ ಇಲ್ಲ. ಇತ್ತ ಸೋಲ್ ರೈಲು ನಿಲ್ದಾಣದ ಗೋದಾಮಿನಲ್ಲಿ ಅದೇ ದಿನ ಕಾಗದದ ರಾಶಿಯೊಂದು ಕಣ್ಣಿಗೆ ಬಿತ್ತು. ಮೇಲ್ಮನವಿಯ ವಿಚಾರಣೆಗೆ ಸಾಕ್ಷಿ ಅಂತ ಕಳಿಸಿದ್ದು, ಕೇಳುವವರಿಲ್ಲದೆ ಅಲ್ಲೇ ಬಿದ್ದಿತ್ತು. 26,500ರಷ್ಟು ಹಾಳೆ, ಎಲ್ಲಾ ಕೈಬರಹ. ಹೊತ್ತೊಯ್ದ ಪೊಲೀಸರಿಗೆ ಅದು ಬರೀ ಸಾಕ್ಷಿ. ಒಂದು ವೇಳೆ ಸುಟ್ಟುಹಾಕಿದ್ದರೆ?

ಮೊದಲ ಸಂಪುಟ ಅಚ್ಚಾದದ್ದು 1947ರ ಅಕ್ಟೋಬರ್ 9ಕ್ಕೆ. ಆರನೆಯದು, ಕೊನೆಯದು, ಕೈಗೆ ಬರುವಾಗ 1957. ಅಷ್ಟರಲ್ಲಿ ದೇಶ ಎರಡಾಗಿ, ಯುದ್ಧವೂ ಆಗಿಹೋಗಿತ್ತು. ನಿಘಂಟು ಮುಗಿದದ್ದು ದಕ್ಷಿಣದಲ್ಲಿ. ಯಿ ಗುಕ್‌ರೊ 1948ರಲ್ಲಿ ಉತ್ತರಕ್ಕೆ ಹೋದವರು ಅಲ್ಲೇ ಉಳಿದುಬಿಟ್ಟಿದ್ದರು.

ನಮಸ್ಕಾರ.