ನೆಲ ಖಾಲಿ ಬಿಟ್ಟರೆ ಕಾಂಗ್ರೆಸ್ ಕಸ ಬರದೆ ಇನ್ನೇನು ಬರುತ್ತದೆ?

ನಮಸ್ಕಾರ್ರೀ ಎಲ್ಲರಿಗೂ. ಹೋದ ವಿಡಿಯೋದ ಕೆಳಗೆ ಒಬ್ಬರು ಬರೆದಿದ್ದಾರೆ: "ಸರ್, ಕಸಕ್ಕೆ ಔಷಧ ಕೇಳಿದರೆ ಹುಲ್ಲು ನೆಡು ಅಂತೀರಿ, ತಲೆ ಸರಿ ಇದೆಯಾ?" ಆ ಕಾಮೆಂಟಿಗೆ ನನ್ನ ವಿಡಿಯೋಕ್ಕಿಂತ ಜಾಸ್ತಿ ಲೈಕ್ ಬಿದ್ದಿವೆ. ಇರಲಿ.

ತಲೆ ಸರಿ ಇದೆ ಸ್ವಾಮಿ. ನೆಲ ಖಾಲಿ ಬಿಡಬೇಡಿ ಅಂದೆ, ಅಷ್ಟೇ. ನಮ್ಮ ಹುಬ್ಬಳ್ಳಿಯ ಎರೆ ಮಣ್ಣಿಗೆ ಮುಂಗಾರಿನ ಒಂದು ಮಳೆ ಬಿದ್ದರೆ ಸಾಕು, ಏನಾದರೊಂದು ಹುಟ್ಟಿಯೇ ಹುಟ್ಟುತ್ತದೆ. ನೀವು ಏನೂ ಹಚ್ಚದಿದ್ದರೆ ಕಾಂಗ್ರೆಸ್ ಕಸ, ಅಂದರೆ ಪಾರ್ಥೇನಿಯಂ, ತಾನೇ ಬಂದು ಕೂರುತ್ತದೆ. 1955ರ ಸುಮಾರಿಗೆ ಪುಣೆಯಲ್ಲಿ ಕಣ್ಣಿಗೆ ಬಿದ್ದ ಕಸ ಇದು. ಇಲ್ಲಿಯ ನವನಗರದ ಖಾಲಿ ಸೈಟಿನವರೆಗೆ ಬರಲು ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಒಂದೊಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ. ನೀವು ರವಿವಾರ ಕಳೆ ತೆಗೆಯೋ ಕುರ್ಚಿಗಿ ಹಿಡಿದು ಎಲ್ಲಾ ಕಿತ್ತಿರಿ ಅನ್ನೋಣ, ಬೀಜ ಮಣ್ಣಲ್ಲೇ ಇದೆ, ಮೇಲೆ ಬಿಸಿಲಿದೆ, ಕೆಳಗೆ ಹಸಿ ಇದೆ, ತಿಂಗಳೊಳಗೆ ಮತ್ತೆ ಅದೇ ಕಥೆ.

ಔಷಧ ಹೊಡೆದರೂ ಅಷ್ಟೇ. ಗ್ಲೈಫೋಸೇಟ್ ಅನ್ನೋ ಕಳೆನಾಶಕ ನಿಂತ ಗಿಡವನ್ನು ಒಣಗಿಸುತ್ತದೆ, ಮಣ್ಣೊಳಗಿನ ಬೀಜಕ್ಕೆ ಏನೂ ಆಗಲ್ಲ. ಅದನ್ನು ಕೀಟ ನಿಯಂತ್ರಣದ ಕೆಲಸದವರು ಮಾತ್ರ ಹೊಡೆಯಬೇಕು ಅಂತ 2022ರಲ್ಲಿ ಕೇಂದ್ರ ಸರ್ಕಾರವೇ ಆದೇಶ ಮಾಡಿತ್ತು. ಲುಂಗಿ ಕಟ್ಟಿಕೊಂಡು ನೀವು ಹೊಡೆಯುವುದಲ್ಲ.

ಹಾಗಾದರೆ ಏನು ಹಚ್ಚೋದು? ಮೊದಲು ಕಸ ಹೂವಾಗುವುದರೊಳಗೆ ಕೀಳಿ. ಕೈಗೆ ಗ್ಲೌಸ್ ಇರಲಿ, ತುರಿಕೆ, ದಮ್ಮು ಸುಮ್ನೆ ಯಾಕೆ? ಕಿತ್ತ ಜಾಗಕ್ಕೆ ಕೂಡಲೇ ಕರಕಿ, ಅಂದರೆ ಗರಿಕೆ ಹುಲ್ಲು, ಹಚ್ಚಿ. ಗಣಪತಿ ಹಬ್ಬಕ್ಕೂ ಆಯಿತು. ಹೂವಿನ ಪಾತಿಯೊಳಗೆ ಮಾತ್ರ ಕರಕಿ ಬಿಡಬೇಡಿ, ಅಲ್ಲಿ ಕರಕಿಯೇ ಕಸ. ಕಂಪೌಂಡಿನ ಪಕ್ಕ ಚೆಂಡು ಹೂವಿನ ಬೀಜ ಒತ್ತಾಗಿ ಚೆಲ್ಲಿ. ಜೇಕು ಅನ್ನೋ ಗಡ್ಡೆ ಹುಲ್ಲು ಇದ್ದ ಕಡೆ ಗೆಣಸಿನ ಬಳ್ಳಿ ಹಬ್ಬಿಸಿ. ಜೇಕಿನ ಗಡ್ಡೆ ಕಿತ್ತಷ್ಟೂ ಚಿಗುರುತ್ತದೆ, ಆದರೆ ನೆರಳು ಬಿದ್ದರೆ ಸೊರಗುತ್ತದೆ. ಬಳ್ಳಿ ನೆಲ ಮುಚ್ಚುವ ತನಕ ಆಗಾಗ ಕಸ ತೆಗೆಯಲೇಬೇಕು, ಅದಕ್ಕೆ ಮಂತ್ರ ಇಲ್ಲ. ನಂಬಿಕೆ ಇಲ್ಲದಿದ್ದರೆ ರಸ್ತೆ ಬದಿ ನೋಡಿ, ಹಳದಿ ಹೂವಿನ ತಗಚೆ ದಟ್ಟವಾಗಿ ಬೆಳೆದ ಕಡೆ ಕಾಂಗ್ರೆಸ್ ಕಸಕ್ಕೆ ಕಾಲಿಡಲು ಜಾಗ ಸಿಗುವುದಿಲ್ಲ. ಜಾಗ! ಜಾಗ ಕೊಡಬೇಡಿ ಅಂತಲೇ ನಾನು ಬಡಕೊಳ್ಳುತ್ತಿರುವುದು.

ಉಳಿದ ಕಾಮೆಂಟುಗಳನ್ನೂ ನೋಡಿ. "ಹಾವು ಬರುತ್ತವೆ ಸರ್." ಎದೆಯೆತ್ತರ ಬೆಳೆದ ಕಾಂಗ್ರೆಸ್ ಕಸದೊಳಗೆ ಹಾವಿಗೆ ಪ್ರವೇಶ ಇಲ್ಲ ಅಂತ ಬೋರ್ಡ್ ಹಾಕಿದ್ದೀರಾ?

"ಪೇವರ್ ಹಾಕಿಸಿದೆ ಸರ್." ಒಳ್ಳೆಯದು. ಏಪ್ರಿಲ್ ಮಧ್ಯಾಹ್ನ ಅದರ ಮೇಲೆ ಬರಿಗಾಲಲ್ಲಿ ನಿಂತು ಇದೇ ಕಾಮೆಂಟ್ ಟೈಪ್ ಮಾಡಿ. ಸಂದಿಯಲ್ಲಿ ಏನು ಚಿಗುರಿದೆ ಅಂತಲೂ ನೋಡಿ.

"ನಮ್ಮೂರಲ್ಲಿ ನೀರು ಎಲ್ಲಿದೆ ಸರ್?" ಇದನ್ನು ಕೇಳುವವರೇ ಪೈಪ್ ಹಿಡಿದು ಕಾರು ತೊಳೆಯುತ್ತಾರೆ ಅಲ್ವಾ? ಕರಕಿ ಬೇಸಿಗೆಗೆ ಒಣಗಿದಂತೆ ಕಂಡರೂ ಮಳೆಗೆ ಮತ್ತೆ ಚಿಗುರುತ್ತದೆ.

ನೆಲ ಮುಚ್ಚಿ ಅಂದರೆ ಮುಚ್ಚಿ. ಇನ್ನೂ ಯಾಕೆ ಅಂದರೆ... ನಾನು ಹೇಳಿದೆ ಅಂತ! ಸಬ್‌ಸ್ಕ್ರೈಬ್ ಮಾಡಿ, ಗಂಟೆ ಒತ್ತಿ. ತಲೆ ಬಗ್ಗೆ ಕೇಳಿದ ಸಾಹೇಬರೇ, ಮುಂದಿನ ವಿಡಿಯೋಕ್ಕೆ ನಿಮ್ಮ ಅಂಗಳದ ಫೋಟೋ ಕಳಿಸಿ, ಎಲ್ಲರೂ ನೋಡೋಣ. ಕ್ಯಾಮೆರಾ ಹಿಡಿದ ತಮ್ಮ ಆಗಲೇ ಗಿರ್ಮಿಟ್ ತಿನ್ನೋಣ, ಗಿರ್ಮಿಟ್ ತಿನ್ನೋಣ ಅಂತಿದ್ದಾನೆ, ನಡೀಯಪ್ಪಾ, ಬಂದೆ.