ಗಿರಾಕಿ ಹುಡುಕುವ ಮಾತು ನಿಮ್ಮ ವೆಬ್‌ಸೈಟಿನಲ್ಲಿ ಇದೆಯಾ?

ಕೇಳುಗರಿಗೆಲ್ಲ ನಮಸ್ಕಾರ. ಹೋಮ್‌ಸ್ಟೇ ನಡೆಸುವವರು, ಮನೆಯಲ್ಲೇ ತೊಡದೇವು, ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುವವರು, ಇವತ್ತಿನ ಮಾತು ನಿಮಗಾಗಿ. ಎಸ್‌ಇಒಗೆ, ಅಂದರೆ ಗೂಗಲ್‌ನಲ್ಲಿ ಹುಡುಕಿದಾಗ ನಮ್ಮ ಪುಟ ಮೇಲೆ ಕಾಣುವಂತೆ ಮಾಡುವ ಕೆಲಸಕ್ಕೆ, ದುಡ್ಡು ಹಾಕಿದರೆ ಪ್ರಯೋಜನ ಇದೆಯಾ ಅಂತ ತುಂಬಾ ಜನ ಕೇಳುತ್ತೀರಿ. ಇದೆ. ಆದರೆ ಗಿರಾಕಿ ಹುಡುಕುವ ಮಾತು ನಿಮ್ಮ ಪುಟದಲ್ಲಿ ಇರಬೇಕು.

ಗೂಗಲ್ ಒಂದೊಂದೇ ಲಿಂಕ್ ಹಿಡಿದು ಪುಟಗಳನ್ನು ಓದುತ್ತಾ ಹೋಗುತ್ತದೆ. ಓದಿದ್ದನ್ನು ಪಟ್ಟಿ ಮಾಡಿ ಇಟ್ಟುಕೊಂಡು, ಯಾರಾದರೂ ಕೇಳಿದಾಗ ತೆಗೆದು ತೋರಿಸುತ್ತದೆ. ನೀವು ಬರೆಯದೇ ಇದ್ದದ್ದನ್ನು ಅದು ಎಲ್ಲಿಂದ ತೋರಿಸಬೇಕು?

ಯಾಣದ ಹತ್ತಿರ ನನಗೆ ಗೊತ್ತಿರುವ ಒಂದು ಹೋಮ್‌ಸ್ಟೇ ಇದೆ. ಅವರ ವೆಬ್‌ಸೈಟ್ ನೋಡಲು ಚೆಂದ. ತೆರೆದ ಕೂಡಲೇ "ನಿಸರ್ಗದ ಮಡಿಲಿಗೆ ಸ್ವಾಗತ", ಕೆಳಗೆ ಫೋಟೋಗಳ ಸಾಲು. ಊರಿನ ಹೆಸರು, ದರ, ಊಟದ ವಿವರ ಎಲ್ಲಾ ಒಂದು ಪೋಸ್ಟರ್ ಚಿತ್ರದೊಳಗೆ, ಪುಟದಲ್ಲಿ ಬರಹವಾಗಿ ಇಲ್ಲ. ಒಂದು ಕಂಪನಿಯವರು "ಮೊದಲನೇ ಸ್ಥಾನ ಗ್ಯಾರಂಟಿ" ಎಂದು ದುಡ್ಡು ತೆಗೆದುಕೊಂಡು, ಪುಟದ ತಳದಲ್ಲಿ ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲಿ "ಗೋಕರ್ಣ ಹೋಮ್‌ಸ್ಟೇ, ಯಾಣ ಹೋಮ್‌ಸ್ಟೇ, ಮುರುಡೇಶ್ವರ ಹೋಮ್‌ಸ್ಟೇ" ಅಂತ ತುಂಬಿಟ್ಟಿದ್ದರು. ಸುಮ್ನೆ ನೋಡಿದರೆ ಕಾಣುವುದಿಲ್ಲ, ಮೌಸ್ ಎಳೆದರೆ ಎದ್ದು ಬರುತ್ತದೆ. ಇದು ಗೂಗಲ್ ನಿಯಮಕ್ಕೆ ವಿರುದ್ಧ. ಇಂಥ ಪುಟವನ್ನು ಅದು ಹಿಂದೆ ತಳ್ಳುತ್ತದೆ, ಪೂರ್ತಿ ತೆಗೆದೂ ಹಾಕಬಹುದು.

ಅದನ್ನೆಲ್ಲ ಅಳಿಸಿದೆವು. ಫೋನ್ ಮಾಡಿದವರು ಏನೇನು ಕೇಳುತ್ತಾರೆ ಅಂತ ಆ ಮನೆಯ ಅಕ್ಕನನ್ನು ಕೇಳಿದೆ. ಅವರು ಯೋಚನೆಯನ್ನೇ ಮಾಡಲಿಲ್ಲ. "ಮಳೆಗಾಲದಲ್ಲಿ ಉಂಬಳ ಜಾಸ್ತಿಯಾ, ಬಸ್ಸು ಎಲ್ಲಿವರೆಗೆ ಬರ್ತದೆ, ವಯಸ್ಸಾದವರು ಬಂಡೆವರೆಗೆ ನಡೀಬಹುದಾ, ಮಕ್ಕಳಿಗೆ ಖಾರ ಇಲ್ಲದ ಊಟ ಸಿಗ್ತದಾ, ಇದೇ ತಮಾ!" ಜನ ಫೋನಿನಲ್ಲಿ ಕೇಳುವುದನ್ನೇ ಗೂಗಲ್‌ನಲ್ಲೂ ಕೇಳುತ್ತಾರೆ, ಅಲ್ವಾ? ಒಂದೊಂದು ಪ್ರಶ್ನೆಯನ್ನೂ ತಲೆಬರಹ ಮಾಡಿ, ಅಕ್ಕ ಹೇಳಿದ ಉತ್ತರವನ್ನೇ ಕೆಳಗೆ ಬರೆದೆವು. ಉಂಬಳಕ್ಕೆ ಸುಣ್ಣ, ಹೊಗೆಸೊಪ್ಪು ಕೊಟ್ಟು ಕಳಿಸುತ್ತೇವೆ ಎಂಬುದನ್ನೂ ಬಿಡಲಿಲ್ಲ. ಕೆಲವು ತಿಂಗಳಲ್ಲಿ, ಮಳೆಗಾಲದ ಯಾಣದ ಬಗ್ಗೆ ಹುಡುಕಿದವರು ಅವರ ಪುಟಕ್ಕೇ ಬರತೊಡಗಿದರು. ಎಷ್ಟು ಖುಷಿಯಾಯಿತು ಗೊತ್ತಾ!

ಸಮಯ ಮುಗಿಯುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಮೊದಲನೇ ಸ್ಥಾನದ ಗ್ಯಾರಂಟಿ ಯಾರಿಂದಲೂ ಸಾಧ್ಯವಿಲ್ಲ, ಗೂಗಲ್ಲೇ ಹಾಗೆ ಹೇಳಿದೆ. ಜಾಹೀರಾತಿಗೆ ದುಡ್ಡು ಕೊಟ್ಟರೆ ಜಾಹೀರಾತು ಕಾಣುತ್ತದೆ, ನಿಮ್ಮ ಪುಟ ಮೇಲೇರುವುದಿಲ್ಲ. ಮೆಟಾ ಕೀವರ್ಡ್, ಅಂದರೆ ನೋಡುವವರಿಗೆ ಕಾಣದಂತೆ ಪುಟದ ಕೋಡ್‌ನಲ್ಲಿ ಬರೆಯುವ ಪದಗಳ ಪಟ್ಟಿ, ತುಂಬಿಕೊಡುತ್ತೇವೆ ಎನ್ನುವವರಿಗೆ ದಯವಿಟ್ಟು ಒಂದು ಪೈಸೆಯನ್ನೂ ಕೊಡಬೇಡಿ. ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಅಂತ ಗೂಗಲ್ 2009ರಲ್ಲೇ ತಿಳಿಸಿಯಾಗಿದೆ. ಫಲ ಕಾಣಲು ಸಾಮಾನ್ಯವಾಗಿ 4 ತಿಂಗಳಿಂದ 1 ವರ್ಷ ಬೇಕು. ಜನ ಯಾವ ಮಾತು ಹುಡುಕಿ ನಿಮ್ಮಲ್ಲಿಗೆ ಬಂದರು ಅಂತ ನೋಡಲು ಗೂಗಲ್‌ನದೇ ಸರ್ಚ್ ಕನ್ಸೋಲ್ ಎಂಬ ಸಾಧನ ಇದೆ, ಅದು ಉಚಿತ.

ಇವತ್ತಿನಿಂದ ಗಿರಾಕಿ ಕೇಳಿದ್ದನ್ನೆಲ್ಲ, ಅವರು ಕೇಳಿದ ಮಾತಿನಲ್ಲೇ, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ವೆಬ್‌ಸೈಟ್ ಮಾಡಿಕೊಡುವವರ ಕೈಗೆ ಮೊದಲು ಅದನ್ನು ಕೊಡಿ. ನಮಸ್ಕಾರ.