ಪೇತ್ರನಿಗೆ ಬಾಗಿಲು ತೆರೆಯಿತು, ಯಾಕೋಬನಿಗೆ?

ಯೇಸು ಸ್ವಾಮಿಯ ನಾಮದಲ್ಲಿ ಎಲ್ಲರಿಗೂ ವಂದನೆಗಳು. ಅಯ್ಯನವರಿಗೆ, ಸಭೆಯ ಹಿರಿಯರಿಗೆ, ಸ್ತ್ರೀಯರ ಸಂಘದವರಿಗೆ, ಹಿಂದೆ ನಿಂತುಕೊಂಡಿರುವ ಯುವಕರಿಗೂ ನಮಸ್ಕಾರ. ಮುಂದೆ ಜಾಗ ಇದೆ, ಬನ್ನಿ ಕೂತ್ಕೊಳ್ಳಿ.

ದೇವರು ನಮ್ಮನ್ನು ಕಾಪಾಡುತ್ತಾನೆ ಅಂದರೆ ಏನರ್ಥ ಅನ್ನುವುದರ ಬಗ್ಗೆ ಇವತ್ತು ಮಾತಾಡಬೇಕು. ಈ ವಿಷಯ ಬಂದ ಕೂಡಲೇ ನಮ್ಮೆಲ್ಲರ ಬಾಯಿಗೂ ಬರುವುದು 91ನೇ ಕೀರ್ತನೆ. ಸರ್ವಶಕ್ತನ ನೆರಳು, ರೆಕ್ಕೆಗಳ ಆಸರೆ, ಪಕ್ಕದಲ್ಲಿ ಸಾವಿರ ಜನ ಬಿದ್ದರೂ ನಿನ್ನ ಹತ್ತಿರ ಬಾರದು ಎಂಬ ಮಾತು. ಎಷ್ಟೋ ಮನೆಗಳ ಬಾಗಿಲ ಮೇಲೆ ಈ ಕೀರ್ತನೆ ಫ್ರೇಮ್ ಹಾಕಿಸಿಕೊಂಡು ಕೂತಿದೆ. ಆಟೋ, ಕಾರುಗಳ ಗಾಜಿನ ಮೇಲೂ ಇದೆ. 2021ರ ಏಪ್ರಿಲ್, ಮೇ ತಿಂಗಳಲ್ಲಿ, ಕೊರೋನಾ ಎರಡನೇ ಅಲೆಯ ಹೊತ್ತಿನಲ್ಲಂತೂ ಎಲ್ಲರ ಫೋನಿಗೂ ದಿನಾ ಇದೇ ಬರುತ್ತಿತ್ತು. ಕೀರ್ತನೆಯಲ್ಲೇ ಅಂಟುರೋಗದ ಮಾತಿದೆ. ಹಾಗಾಗಿ ಜನ ಅದನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಆ ಜೂನ್ ತಿಂಗಳಲ್ಲಿ ಒಬ್ಬ ತಂಗಿಯ ಮನೆಗೆ ಹೋಗಿದ್ದೆ. ಗಂಡ ತೀರಿಕೊಂಡು ಇನ್ನೂ ತಿಂಗಳಾಗಿರಲಿಲ್ಲ. ಇಬ್ಬರು ಮಕ್ಕಳು, ಚಿಕ್ಕವನು ಆನ್‌ಲೈನ್ ಕ್ಲಾಸಿಗೆ ಅಪ್ಪನ ಫೋನ್ ಹಿಡಿದು ಕೂತಿದ್ದ. ಆಕೆ ಅಳಲಿಲ್ಲ. ಬಾಗಿಲ ಮೇಲಿನ ಫ್ರೇಮ್ ತೋರಿಸಿ ಕೇಳಿದರು: "ಅಣ್ಣಾ, ಇದನ್ನ ನಾವು ದಿನಾ ರಾತ್ರಿ ಓದ್ತಿದ್ವಿ. ಎದುರು ಮನೆಯವರು ಒಂದು ದಿನಾನೂ ಓದಿದವರಲ್ಲ. ಅವರ ಮನೇಲಿ ಎಲ್ಲರೂ ಹುಷಾರಾದ್ರು. ಏನಣ್ಣಾ ಇದು?"

ಈ ಪ್ರಶ್ನೆಗೆ ಹೆದರಿ ಓಡಬಾರದು ಅಂತ ನನಗೆ ಅನ್ನಿಸುತ್ತದೆ. ಸತ್ಯವೇದವೇ ಇದಕ್ಕೆ ಹೆದರಿಲ್ಲ. ಅಪೊಸ್ತಲರ ಕೃತ್ಯಗಳು 12ನೇ ಅಧ್ಯಾಯ ತೆಗೆಯಿರಿ. ನಮಗೆಲ್ಲ ತುಂಬಾ ಇಷ್ಟವಾದ ಅಧ್ಯಾಯ. ಹೆರೋದನು ಪೇತ್ರನನ್ನು ಸೆರೆಗೆ ಹಾಕಿಸಿದ್ದಾನೆ. ನಾಲ್ಕು ನಾಲ್ಕು ಸಿಪಾಯಿಗಳ ನಾಲ್ಕು ಗುಂಪು ಕಾವಲಿಗಿದೆ. ಎರಡು ಸರಪಣಿ. ಇಬ್ಬರು ಸಿಪಾಯಿಗಳ ನಡುವೆ ಪೇತ್ರ ಮಲಗಿ ನಿದ್ದೆ ಮಾಡುತ್ತಿದ್ದಾನೆ. ದೇವದೂತ ಬಂದು ಪಕ್ಕೆಗೆ ತಟ್ಟಿ ಎಬ್ಬಿಸುತ್ತಾನೆ. ಸರಪಣಿ ಕಳಚಿ ಬೀಳುತ್ತದೆ. ಕಬ್ಬಿಣದ ಬಾಗಿಲು ತಾನಾಗಿಯೇ ತೆರೆಯುತ್ತದೆ. ಆಮೇಲೆ ಮಾರ್ಕನ ತಾಯಿ ಮರಿಯಳ ಮನೆಯಲ್ಲಿ ಬಾಗಿಲಿಗೆ ಬಂದ ಹುಡುಗಿ, ಪೇತ್ರನ ಧ್ವನಿ ಕೇಳಿದ ಖುಷಿಯಲ್ಲಿ ಬಾಗಿಲು ತೆಗೆಯುವುದನ್ನೇ ಮರೆತು ಒಳಗೆ ಓಡುತ್ತಾಳೆ. ಭಾನುವಾರ ಶಾಲೆಯ ಮಕ್ಕಳು ಇದನ್ನು ನಾಟಕ ಆಡುತ್ತಾರೆ, ನಾವೆಲ್ಲ ಚಪ್ಪಾಳೆ ತಟ್ಟುತ್ತೇವೆ.

ಆದರೆ ಅದೇ ಅಧ್ಯಾಯದ ಎರಡನೇ ವಚನದಲ್ಲಿ ಏನಿದೆ? ಹೆರೋದನು ಯೋಹಾನನ ಅಣ್ಣ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸಿದನು. ಅಷ್ಟೇ. ಒಂದೇ ಸಾಲು. ದೇವದೂತ ಬರಲಿಲ್ಲ. ಯಾವ ಬಾಗಿಲೂ ತೆರೆಯಲಿಲ್ಲ.

ಯಾಕೋಬ ಯಾರು? ಜೆಬೆದಾಯನ ಮಗ. ಪೇತ್ರ, ಯಾಕೋಬ, ಯೋಹಾನ, ಈ ಮೂವರನ್ನೇ ಯೇಸು ಎಲ್ಲ ಮುಖ್ಯ ಗಳಿಗೆಗಳಲ್ಲಿ ಜೊತೆಗೆ ಕರೆದುಕೊಂಡು ಹೋಗುತ್ತಿದ್ದದ್ದು. ರೂಪಾಂತರದ ಬೆಟ್ಟಕ್ಕೂ ಇವರೇ, ಗೆತ್ಸೇಮನೆಗೂ ಇವರೇ. ಪೇತ್ರನ ನಂಬಿಕೆ ಜಾಸ್ತಿ, ಯಾಕೋಬನದ್ದು ಕಡಿಮೆ ಅಂತ ಹೇಳುವುದಕ್ಕೆ ಆಗುತ್ತಾ? ಸ್ವಾಮಿಯನ್ನು ಮೂರು ಸಲ ಅರಿಯೆನು ಅಂದವನು ಪೇತ್ರ. ಸಭೆ ಪೇತ್ರನಿಗಾಗಿ ಪ್ರಾರ್ಥಿಸಿತು, ಯಾಕೋಬನಿಗಾಗಿ ಪ್ರಾರ್ಥಿಸಲಿಲ್ಲ ಅಂತ ಕೆಲವರು ಬೋಧಿಸುವುದನ್ನು ಕೇಳಿದ್ದೇನೆ. ಈ ಪುಸ್ತಕ ಬರೆದ ಲೂಕ ಹಾಗೆ ಎಲ್ಲೂ ಬರೆದಿಲ್ಲ. ಸತ್ತವನ ಮನೆಯವರ ಮೇಲೆ ಇನ್ನೊಂದು ಭಾರ ಹೇರುವ ಮಾತು ಅದು. ದಯವಿಟ್ಟು ಅದನ್ನು ನಿಲ್ಲಿಸೋಣ.

ಯಾಕೋಬನ ತಾಯಿಯನ್ನು ಸ್ವಲ್ಪ ನೆನೆಸಿಕೊಳ್ಳಿ. ತನ್ನ ಇಬ್ಬರು ಮಕ್ಕಳನ್ನು ನಿನ್ನ ರಾಜ್ಯದಲ್ಲಿ ಎಡಕ್ಕೆ ಬಲಕ್ಕೆ ಕೂರಿಸಿಕೋ ಅಂತ ಯೇಸುವನ್ನು ಕೇಳಿದ ತಾಯಿ ಆಕೆ. ನಾನು ಕುಡಿಯುವ ಪಾತ್ರೆಯಲ್ಲಿ ಇವರೂ ಕುಡಿಯುತ್ತಾರೆ ಎಂದು ಸ್ವಾಮಿ ಆಗಲೇ ಹೇಳಿದ್ದರು. ಆಕೆ ಆ ಹೊತ್ತಿಗೆ ಬದುಕಿದ್ದಳೋ ಇಲ್ಲವೋ ಸತ್ಯವೇದ ಹೇಳುವುದಿಲ್ಲ. ಬದುಕಿದ್ದರೆ, ಆ ರಾತ್ರಿ ಮರಿಯಳ ಮನೆಯ ಸಂತೋಷದ ಸುದ್ದಿ ಅವಳ ಕಿವಿಗೂ ಬಿದ್ದಿರುತ್ತದೆ. ಪೇತ್ರ ಬಂದನಂತೆ! ಆ ತಾಯಿ ದೇವರಿಗೆ ಸ್ತೋತ್ರ ಅಂದಿರುತ್ತಾಳೆ, ಅದೇ ಉಸಿರಿನಲ್ಲಿ, ನನ್ನ ಮಗನಿಗೆ ಯಾಕೆ ಹೀಗಾಗಲಿಲ್ಲ ಅಂತಲೂ ಅಂದಿರುತ್ತಾಳೆ. ನಮ್ಮ ಸಭೆಯಲ್ಲಿ ಇಂಥ ತಾಯಂದಿರು ಇದ್ದಾರೆ. ಪಕ್ಕದವರ ಮಗ ಐಸಿಯುನಿಂದ ಎದ್ದು ಬಂದ ಸಾಕ್ಷಿಗೆ ಆಮೆನ್ ಅನ್ನುತ್ತಾರೆ, ಮನೆಗೆ ಹೋಗಿ ಅಡುಗೆಮನೆಯಲ್ಲಿ ಅಳುತ್ತಾರೆ.

ಲೂಕ ಈ ಎರಡೂ ಘಟನೆಗಳನ್ನು ಪಕ್ಕಪಕ್ಕದಲ್ಲೇ ಬರೆದು, ಕಾರಣ ಹೇಳದೆ ಮುಂದೆ ಹೋಗುತ್ತಾನೆ. ಇಬ್ರಿಯರಿಗೆ ಬರೆದ ಪತ್ರದ 11ನೇ ಅಧ್ಯಾಯದಲ್ಲೂ ಹೀಗೇ ಇದೆ. 34ನೇ ವಚನದಲ್ಲಿ ನಂಬಿಕೆಯಿಂದ ಕತ್ತಿಗೆ ತಪ್ಪಿಸಿಕೊಂಡವರಿದ್ದಾರೆ. 37ನೇ ವಚನದಲ್ಲಿ ಅದೇ ನಂಬಿಕೆಯಿಂದ ಕತ್ತಿಗೆ ಬಲಿಯಾದವರಿದ್ದಾರೆ. ಪಟ್ಟಿ ಒಂದೇ. ಉಳಿದವರಿಗೆ ಒಂದು ಪಟ್ಟಿ, ಸತ್ತವರಿಗೆ ಇನ್ನೊಂದು ಅಂತ ಮಾಡಿಲ್ಲ.

ಹಾಗಾದರೆ 91ನೇ ಕೀರ್ತನೆ ಸುಳ್ಳಾ? ಇಲ್ಲ. ಆದರೆ ಅದನ್ನು ತಪ್ಪಾಗಿ ಬಳಸಬಹುದು. ಯೇಸುವಿನ ಜೀವನದಲ್ಲಿ ಈ ಕೀರ್ತನೆಯನ್ನು ಬಾಯಿಬಿಟ್ಟು ಹೇಳಿದವನು ಯಾರು ಗೊತ್ತಲ್ವಾ? ಸೈತಾನ. ದೇವಾಲಯದ ತುದಿಯಲ್ಲಿ ನಿಲ್ಲಿಸಿ, ಇಲ್ಲಿಂದ ಧುಮುಕು, ದೂತರು ನಿನ್ನನ್ನು ಕೈಯಲ್ಲಿ ಎತ್ತಿಕೊಳ್ಳುತ್ತಾರೆ ಅಂತ ಬರೆದಿದೆ ಅಂದನು. ದೇವರನ್ನು ಪರೀಕ್ಷಿಸಬಾರದು ಎಂದು ಯೇಸು ಉತ್ತರ ಕೊಟ್ಟರು. ಕೀರ್ತನೆಯನ್ನು ತಾಯಿತದ ಹಾಗೆ ಕಟ್ಟಿಕೊಳ್ಳುವುದನ್ನು ಸ್ವಾಮಿಯೇ ಒಪ್ಪಲಿಲ್ಲ. ಅದೇ ಕೀರ್ತನೆಯ ಕೊನೆಯ ಕಡೆ ದೇವರು ಹೇಳುತ್ತಾನೆ: ಅವನು ಇಕ್ಕಟ್ಟಿನಲ್ಲಿರುವಾಗ ನಾನು ಅವನ ಹತ್ತಿರ ಇರುತ್ತೇನೆ. ಇಕ್ಕಟ್ಟೇ ಬರುವುದಿಲ್ಲ ಅಂದಿದ್ದರೆ ಈ ಮಾತಿನ ಅಗತ್ಯ ಏನಿತ್ತು? ಫ್ರೇಮ್ ಹಾಕಿಸುವಾಗ ನಾವು ಮೇಲಿನ ವಚನಗಳನ್ನು ದೊಡ್ಡಕ್ಷರದಲ್ಲಿ ಬರೆಸುತ್ತೇವೆ. ಈ ವಚನ ಕೆಳಗೆ ಎಲ್ಲೋ ಸಣ್ಣದಾಗಿ ಉಳಿದುಬಿಡುತ್ತದೆ.

ಆ ಕೀರ್ತನೆಯ ರೆಕ್ಕೆಯ ಮಾತನ್ನೂ ಗಮನಿಸಿ. ಯೆರೂಸಲೇಮಿಗಾಗಿ ಅಳುವಾಗ ಯೇಸು ಇದೇ ರೆಕ್ಕೆಯನ್ನು ತಮಗೆ ಹೇಳಿಕೊಂಡರು. ಕೋಳಿ ತನ್ನ ಮರಿಗಳನ್ನು ರೆಕ್ಕೆಯ ಕೆಳಗೆ ಸೇರಿಸಿಕೊಳ್ಳುವ ಹಾಗೆ ನಿನ್ನನ್ನು ಸೇರಿಸಿಕೊಳ್ಳಬೇಕೆಂದಿದ್ದೆ ಅಂದರು. ಹಳ್ಳಿಯಲ್ಲಿ ಬೆಳೆದವರಿಗೆ ಗೊತ್ತು. ಹದ್ದು ಎರಗಿದಾಗ ತಾಯಿಕೋಳಿ ಓಡಿಹೋಗುವುದಿಲ್ಲ. ಮೈಯನ್ನು ನೆಲಕ್ಕೆ ಒತ್ತಿಕೊಂಡು ರೆಕ್ಕೆ ಅಗಲಿಸಿ ಕೂರುತ್ತದೆ. ಉಗುರು ಮೊದಲು ಅದರ ಬೆನ್ನಿಗೇ ತಾಗುತ್ತದೆ. ಶಿಲುಬೆಯ ಮೇಲೆ ಆದದ್ದು ಇದು. ನಾವು ನಂಬುವ ದೇವರು ದೂರದಲ್ಲಿ ಕೂತು ಯಾರನ್ನು ಉಳಿಸಲಿ, ಯಾರನ್ನು ಬಿಡಲಿ ಅಂತ ಲೆಕ್ಕ ಹಾಕುವವನಲ್ಲ. ತನ್ನ ಮಗನನ್ನೇ ಮಣ್ಣು ಮಾಡುವುದನ್ನು ನೋಡಿದ ದೇವರು.

ಲೂಕನ ಸುವಾರ್ತೆ 21ನೇ ಅಧ್ಯಾಯದಲ್ಲಿ ಒಂದು ವಿಚಿತ್ರವಾದ ಮಾತಿದೆ. ನಿಮ್ಮಲ್ಲಿ ಕೆಲವರನ್ನು ಕೊಲ್ಲಿಸುತ್ತಾರೆ ಅಂತ ಯೇಸು ಹೇಳುತ್ತಾರೆ. ಅದಾಗಿ ಎರಡೇ ವಚನಕ್ಕೆ, ನಿಮ್ಮ ತಲೆಯ ಒಂದು ಕೂದಲೂ ನಾಶವಾಗುವುದಿಲ್ಲ ಅನ್ನುತ್ತಾರೆ. ಕೊಲ್ಲುತ್ತಾರೆ, ಆದರೆ ಕೂದಲೂ ಕೊಂಕುವುದಿಲ್ಲ! ಈ ಎರಡೂ ಮಾತು ನಿಜವಾಗಬೇಕಾದರೆ, ಕಾಪಾಡುವುದು ಅನ್ನುವುದು ಸಾವಿನ ಆಚೆಗೂ ಹೋಗಬೇಕು. ನನ್ನ ಕೈಯಿಂದ ಅವರನ್ನು ಯಾರೂ ಕಸಿದುಕೊಳ್ಳಲಾರರು ಎಂದು ಯೋಹಾನ 10ರಲ್ಲಿ ಹೇಳಿದ್ದೂ ಇದನ್ನೇ. ಪೌಲ ರೋಮಾಪುರದವರಿಗೆ ಬರೆಯುವಾಗ ಕ್ರಿಸ್ತನ ಪ್ರೀತಿಯಿಂದ ನಮ್ಮನ್ನು ಅಗಲಿಸುವುದು ಯಾವುದು ಅಂತ ಕೇಳಿ ಪಟ್ಟಿ ಕೊಡುತ್ತಾನೆ. ಕಷ್ಟ, ಸಂಕಟ, ಹಿಂಸೆ, ಹಸಿವು, ಮೈಗೆ ಬಟ್ಟೆ ಇಲ್ಲದಿರುವುದು, ಅಪಾಯ, ಕತ್ತಿ. ಸುಮ್ನೆ ಬರೆದ ಪಟ್ಟಿ ಅಲ್ಲ ಅದು. ಐದು ಸಲ ಮೂವತ್ತೊಂಬತ್ತು ಏಟು ತಿಂದವನು, ಮೂರು ಸಲ ಹಡಗು ಒಡೆದು ನೀರಿಗೆ ಬಿದ್ದವನು ಬರೆದದ್ದು. ಯಾಕೋಬನನ್ನು ಕೊಂದ ಕತ್ತಿಯೂ ಆ ಪಟ್ಟಿಯಲ್ಲಿದೆ. ಅದು ಯಾಕೋಬನ ತಲೆಯನ್ನು ತೆಗೆಯಿತು, ಯಾಕೋಬನನ್ನು ಕ್ರಿಸ್ತನಿಂದ ತೆಗೆಯಲಿಲ್ಲ.

ಹೀಗೆ ಹೇಳಿದರೆ ದುಃಖ ಮಾಯವಾಗಿಬಿಡುತ್ತದೆ ಅಂತ ದಯವಿಟ್ಟು ತಿಳಿಯಬೇಡಿ. ಸತ್ತುಹೋದ ಗೆಳೆಯ ಲಾಜರನನ್ನು ಇನ್ನು ಸ್ವಲ್ಪ ಹೊತ್ತಿಗೆ ಎಬ್ಬಿಸುತ್ತೇನೆ ಅಂತ ಗೊತ್ತಿದ್ದೂ ಯೇಸು ಅತ್ತರು. 88ನೇ ಕೀರ್ತನೆ ಓದಿ ನೋಡಿ. ಕೊನೆಯ ಸಾಲಿನಲ್ಲೂ ಕತ್ತಲೆಯೇ ಇದೆ. ಆದರೂ ಆ ಕೀರ್ತನೆ ಸತ್ಯವೇದದೊಳಗೇ ಇದೆ, ಅದನ್ನು ಹಾಡಿದವನು ದೇವರ ಜೊತೆಗೇ ಜಗಳವಾಡುತ್ತಿದ್ದಾನೆ.

ತಮಿಳುನಾಡಿನ ಕಡಲ ದಂಡೆಯಲ್ಲಿರುವ ವೇಲಾಂಕಣಿ ಚರ್ಚಿನ ವಿಷಯ ಹೇಳುತ್ತೇನೆ. ನಮ್ಮ ಬೆಂಗಳೂರಿನಿಂದಲೂ ಎಷ್ಟೋ ಕುಟುಂಬಗಳು ಅಲ್ಲಿಗೆ ಹೋಗುತ್ತವೆ, ಕಾವಿ ಬಟ್ಟೆ ಉಟ್ಟು ನಡೆದು ಹೋಗುವವರೂ ಇದ್ದಾರೆ. 2004ರ ಡಿಸೆಂಬರ್ 26, ಕ್ರಿಸ್ಮಸ್ ಮಾರನೇ ದಿನ, ಭಾನುವಾರ ಬೆಳಿಗ್ಗೆ ಸುನಾಮಿ ಬಂತು. ಬಸಿಲಿಕಾದೊಳಗೆ ನೀರು ನುಗ್ಗಲಿಲ್ಲ, ಒಳಗೆ ಪೂಜೆಯಲ್ಲಿದ್ದವರು ಉಳಿದರು. ಹೊರಗೆ ಕಡಲ ದಂಡೆಯಲ್ಲಿದ್ದ ನೂರಾರು ಯಾತ್ರಿಕರು ಹೋದರು. ಒಳಗಿದ್ದವರು ದೇವರಿಗೆ ಸ್ತೋತ್ರ ಹೇಳಲಿ, ಹೇಳಲೇಬೇಕು. ಆದರೆ ಹೊರಗಿದ್ದವರು ಯಾರು? ಅವರೂ ಹರಕೆ ಹೊತ್ತು ಬಂದವರೇ. ಉಳಿದವರ ಕಥೆಯನ್ನಷ್ಟೇ ಪವಾಡ ಅಂತ ಹೇಳಿಕೊಂಡು ತಿರುಗಿದರೆ, ದಂಡೆಯ ಮೇಲೆ ಮಗುವನ್ನು ಕಳೆದುಕೊಂಡವರಿಗೆ ನಾವು ಏನು ಹೇಳಿದ ಹಾಗಾಯಿತು? ನಿಮ್ಮ ಮಗುವಿನ ಕಡೆ ದೇವರು ನೋಡಲಿಲ್ಲ ಅಂತ ತಾನೇ?

ಆಸ್ಟ್ರೇಲಿಯಾದಿಂದ ಬಂದು ಒಡಿಶಾದಲ್ಲಿ ಮಿಷನರಿಯಾಗಿದ್ದ ಗ್ಲಾಡಿಸ್ ಸ್ಟೇನ್ಸ್ ಅವರನ್ನು ನಾನು ಯಾವಾಗಲೂ ನೆನೆಯುತ್ತೇನೆ. 1999ರ ಜನವರಿ 22ರ ರಾತ್ರಿ ಕಳೆದು 23 ಹುಟ್ಟುವ ಹೊತ್ತಿಗೆ, ಮನೋಹರಪುರ ಎಂಬ ಹಳ್ಳಿಯಲ್ಲಿ ಅವರ ಗಂಡ ಗ್ರಹಾಂ, ಹತ್ತು ವರ್ಷದ ಫಿಲಿಪ್, ಆರು ವರ್ಷದ ತಿಮೊಥಿ ವಾಹನದಲ್ಲಿ ಮಲಗಿದ್ದಾಗ ಬೆಂಕಿ ಹಚ್ಚಿ ಕೊಂದರು. ಗ್ಲಾಡಿಸ್ ಮತ್ತು ಮಗಳು ಎಸ್ತೇರ್ ಉಳಿದರು. ಕೊಂದವರನ್ನು ಕ್ಷಮಿಸಿದ್ದೇನೆ ಅಂತ ಆಕೆ ಎಲ್ಲರ ಮುಂದೆ ಹೇಳಿದರು. ಕೂಡಲೇ ಊರಿಗೆ ಹೊರಟುಹೋಗದೆ, ಬಾರಿಪದದಲ್ಲಿ ಕುಷ್ಠರೋಗಿಗಳ ಕೆಲಸವನ್ನು ಮುಂದುವರಿಸಿದರು. 2005ರಲ್ಲಿ ಸರ್ಕಾರ ಪದ್ಮಶ್ರೀ ಕೊಟ್ಟಿತು. ಅವರ ಮೈಗೆ, ಮನೆಗೆ ಆಗಬಾರದ್ದೆಲ್ಲ ಆಯಿತು. ಆದರೆ ದ್ವೇಷ ಅವರನ್ನು ಹಿಡಿಯಲಿಲ್ಲ. ಇವರನ್ನು ಲೋಕದಿಂದ ತೆಗೆದುಬಿಡು ಎಂದು ಕೇಳುವುದಿಲ್ಲ, ಕೆಡುಕನಿಂದ ಕಾಪಾಡು ಎಂದು ಕೇಳುತ್ತೇನೆ ಅಂತ ಯೇಸು ಕಡೆಯ ರಾತ್ರಿ ಪ್ರಾರ್ಥಿಸಿದರಲ್ಲ, ಆ ಪ್ರಾರ್ಥನೆಗೆ ಉತ್ತರ ಸಿಕ್ಕಿದ್ದನ್ನು ನಾನು ಈಕೆಯಲ್ಲಿ ಕಾಣುತ್ತೇನೆ. ಹಾಗಂತ ದುಃಖದಲ್ಲಿರುವ ಪ್ರತಿಯೊಬ್ಬರಿಗೂ ಗ್ಲಾಡಿಸ್ ಹಾಗೆ ಇರಿ ಅಂತ ಉಪದೇಶ ಮಾಡಬಾರದು. ಕ್ಷಮಿಸುವುದಕ್ಕೆ ಒಬ್ಬೊಬ್ಬರಿಗೆ ಒಂದೊಂದು ಕಾಲ ಬೇಕು.

ಇನ್ನೊಂದು ಮಾತು. ದೇವರು ಕಾಪಾಡುತ್ತಾನೆ ಅಂತ ಹೆಲ್ಮೆಟ್ ಹಾಕದೆ ಹೋಗುವುದು, ಮಾತ್ರೆ ನಿಲ್ಲಿಸುವುದು ನಂಬಿಕೆಯಲ್ಲ. ಪೌಲನನ್ನು ಕೊಲ್ಲಲು ನಲವತ್ತಕ್ಕೂ ಜಾಸ್ತಿ ಜನ ಆಣೆ ಹಾಕಿಕೊಂಡಿದ್ದರು. ಅವನ ಅಕ್ಕತಂಗಿಯ ಮಗ ಅದನ್ನು ಕೇಳಿಸಿಕೊಂಡು ಬಂದು ಹೇಳಿದ. ರೋಮಿನ ಅಧಿಕಾರಿ 200 ಸಿಪಾಯಿ, 70 ಕುದುರೆ ಸವಾರರು, 200 ಭರ್ಜಿಯವರನ್ನು ಕೊಟ್ಟು ರಾತ್ರೋರಾತ್ರಿ ಕಳಿಸಿದ. ದೂತನ ಸುದ್ದಿಯೇ ಇಲ್ಲ ಅಲ್ಲಿ. ಒಬ್ಬ ಹುಡುಗ ಮತ್ತು ಒಬ್ಬ ಅಧಿಕಾರಿಯ ಕೈಯಿಂದ ದೇವರು ಕಾಪಾಡಿದನು.

ನಮ್ಮ ಕೈಯಿಂದಲೂ ಕಾಪಾಡಬೇಕು ಅಂತ ದೇವರು ಕಾಯುತ್ತಿರುತ್ತಾನೆ. ಮಕ್ಕಳು, ಆಸ್ತಿ ಎಲ್ಲವನ್ನೂ ಕಳೆದುಕೊಂಡ ಯೋಬನ ಗೆಳೆಯರು ಏಳು ದಿನ ಏಳು ರಾತ್ರಿ ಮಾತಾಡದೆ ನೆಲದ ಮೇಲೆ ಅವನ ಜೊತೆ ಕೂತರು. ಅಲ್ಲಿಯವರೆಗೆ ಚೆನ್ನಾಗಿತ್ತು. ಬಾಯಿ ತೆರೆದು ಕಾರಣ ಹುಡುಕಲು ಶುರುಮಾಡಿದ ಮೇಲೆ ಕೆಟ್ಟಿತು. ಕೊನೆಗೆ ದೇವರು ಸಿಟ್ಟಾದದ್ದು ಕೂಗಾಡಿದ ಯೋಬನ ಮೇಲಲ್ಲ, ದೇವರ ಪರವಾಗಿ ವಾದ ಮಾಡಿದ ಗೆಳೆಯರ ಮೇಲೆ. ಸಾವಿನ ಮನೆಗೆ ಹೋದಾಗ ನಾವು ಹೇಳುವ ಮಾತುಗಳನ್ನು ಈ ಬೆಳಕಿನಲ್ಲಿ ನೋಡಿ. "ದೇವರಿಗೆ ಬೇಕಾಗಿತ್ತು, ಕರ್ಕೊಂಡ." "ಎಲ್ಲಾ ಒಳ್ಳೇದಕ್ಕೇ." "ಉಪವಾಸ ಪ್ರಾರ್ಥನೆ ಮಾಡಿದ್ರಾ?" ಇವು ಬೇಡ. ಸಾಂಬಾರು ಮಾಡಿಕೊಂಡು ಹೋಗಿ. ಮರಣ ಪ್ರಮಾಣ ಪತ್ರಕ್ಕೆ ಜೊತೆಗೆ ಕಚೇರಿಗೆ ಹೋಗಿ. ಬ್ಯಾಂಕ್ ಪಾಸ್‌ಬುಕ್ ಎಲ್ಲಿದೆ, ವಿಮೆ ಇತ್ತಾ, ಪಿಂಚಣಿ ಅರ್ಜಿ ಹಾಕಿದ್ದಾರಾ, ಮಕ್ಕಳ ಫೀಸ್ ಕಟ್ಟಿದೆಯಾ, ಕೇಳಿ. ಮೂರನೇ ದಿನ ಎಲ್ಲರೂ ಬರುತ್ತಾರೆ. ಮೂರನೇ ತಿಂಗಳು ಯಾರೂ ಬರುವುದಿಲ್ಲ. ಆಗ ಹೋಗಿ. ಆ ತಂಗಿಯ ಮನೆಗೆ ನಮ್ಮ ಸ್ತ್ರೀಯರ ಸಂಘದವರು ಒಂದು ವರ್ಷ ಸರದಿ ಹಾಕಿಕೊಂಡು ಹೋದರು. ಆಕೆಯ ಪ್ರಶ್ನೆಗೆ ನನ್ನ ಹತ್ತಿರ ಪೂರ್ತಿ ಉತ್ತರ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಆದರೆ ಆಕೆ ಒಬ್ಬಳೇ ಆಗಲಿಲ್ಲ.

ಅಯ್ಯನವರಲ್ಲಿ, ಹಿರಿಯರಲ್ಲಿ ನನ್ನದೊಂದು ಕೋರಿಕೆ. ಪ್ರತಿ ತಿಂಗಳ ಮೊದಲ ಭಾನುವಾರ ಸಾಕ್ಷಿ ಹೇಳುವ ಸಮಯ ಇಟ್ಟಿದ್ದೇವೆ. ವಾಸಿಯಾದವರು, ಕೆಲಸ ಸಿಕ್ಕವರು, ಅಪಘಾತದಲ್ಲಿ ಪಾರಾದವರು ಬಂದು ಮೈಕ್ ಹಿಡಿಯುತ್ತಾರೆ. ತುಂಬಾ ಒಳ್ಳೆಯದು, ಮುಂದುವರಿಯಲಿ. ಅದರ ಜೊತೆಗೆ, ಕೇಳಿದ್ದು ಸಿಗದವರಿಗೂ ಆ ಮೈಕ್ ಸಿಗಲಿ. "ನನ್ನ ಮಗ ಉಳಿಯಲಿಲ್ಲ, ನಾನು ಇನ್ನೂ ಇಲ್ಲಿಗೆ ಬರ್ತಾ ಇದ್ದೀನಿ" ಅನ್ನುವುದೂ ಸಾಕ್ಷಿಯೇ. ನಂಬಿಕೆ ಅಲುಗಾಡಿದ್ದರೆ ಅದನ್ನೂ ಹೇಳಲಿ, ಯಾರೂ ತಿದ್ದಲು ಹೋಗುವುದು ಬೇಡ. ಮುಂದಿನ ತಿಂಗಳಿನಿಂದಲೇ ಶುರುಮಾಡಬಹುದು. ಇದರ ಬಗ್ಗೆ ನಿಮ್ಮೆಲ್ಲರ ಅಭಿಪ್ರಾಯ ಕೇಳಬೇಕು ಅಂತಲೇ ಸ್ವಲ್ಪ ಸಮಯ ಉಳಿಸಿದ್ದೇನೆ. ಈಗ ನೀವು ಮಾತಾಡಿ.